ಅಪ್ಪನ ಬೀಜದ ಕ್ಯಾಟಲಾಗು, ಅವ್ವನ ಬದನೆ ಬೀಜ: ಈಗ ಏನು ಮೊಳೆಯುತ್ತೆ?

ಪೆನ್ಸಿಲ್ ಗೀಟು, ಮೈಸೂರು

ನಮಸ್ಕಾರ. ಹಳೇ ಬದನೆ ಬೀಜದ ಬಗ್ಗೆ ಗೊತ್ತಿರುವವರು ದಯವಿಟ್ಟು ಹೇಳಿ. ಹಿಂದಿನ ಕತೆ ಸ್ವಲ್ಪ ಹೇಳದಿದ್ದರೆ ಪ್ರಶ್ನೆ ಅರ್ಥ ಆಗಲ್ಲ. ಉದ್ದ ಆಯ್ತು ಅಂತ ಬೈಕೋಬೇಡಿ.

ನಮ್ಮೂರು ಪಾಂಡವಪುರದ ಹತ್ತಿರ. ಅಪ್ಪ ಪ್ರೈಮರಿ ಸ್ಕೂಲ್ ಮೇಷ್ಟ್ರು. ಗದ್ದೆ, ಕಬ್ಬು ಎಲ್ಲ ಚಿಕ್ಕಪ್ಪನ ಪಾಲಿಗೆ. ಅಪ್ಪನಿಗೆ ಸಿಕ್ಕಿದ್ದು ಮನೆ ಹಿಂದಿನ ಹಿತ್ತಿಲು. ಅದೂ ಪೂರ್ತಿ ಅವರದಲ್ಲ. ಬಾವಿಯಿಂದ ಈಚೆ ಅವ್ವಂದು, ಆಚೆ ಅಪ್ಪಂದು. ಹಾಗಂತ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಆದರೆ ಅವ್ವನ ಚಪ್ಪರದವರೆ ಬಳ್ಳಿ ಬಾವಿ ದಾಟಿದರೆ ಅಪ್ಪ ಮೆಲ್ಲಗೆ ಎತ್ತಿ ಈಚೆ ಹಾಕುತ್ತಿದ್ದರು.

ಅಪ್ಪನಿಗೆ ಬೀಜದ ಕ್ಯಾಟಲಾಗ್ ತರಿಸುವ ಹುಚ್ಚು. ಬೆಂಗಳೂರು, ಪೂನಾ, ಕಲ್ಕತ್ತಾ ಕಡೆಯಿಂದೆಲ್ಲ ಬರುತ್ತಿದ್ದವು. ಪೂರ್ತಿ ಇಂಗ್ಲಿಷು, ನಡುವೆ ಒಂದಷ್ಟು ಬಣ್ಣದ ಪುಟ. ಊಟ ಆದ ಮೇಲೆ ಲಾಟೀನು ಹತ್ತಿರ ಎಳೆದುಕೊಂಡು, ಪೆನ್ಸಿಲ್ ಚೂಪು ಮಾಡಿಕೊಂಡು ಕೂರುತ್ತಿದ್ದರು. ಬೇಕಾದ್ದಕ್ಕೆಲ್ಲ ಗೀಟು. ಆಮೇಲೆ ಬೆಲೆ ಕೂಡಿಸಿ, ನಿಟ್ಟುಸಿರು ಬಿಟ್ಟು, ಒಂದೊಂದನ್ನೇ ಹೊಡೆದು ಹಾಕುತ್ತಿದ್ದರು. ಕೊನೆಗೆ ಉಳಿಯುತ್ತಿದ್ದದ್ದು ಒಂದೋ ಎರಡೋ ಪೊಟ್ಟಣ. ಅದು ವಿಪಿಪಿಯಲ್ಲಿ (ದುಡ್ಡು ಕೊಟ್ಟು ಬಿಡಿಸಿಕೊಳ್ಳುವ ಅಂಚೆ) ಬಂದ ದಿನ, ಪೋಸ್ಟ್‌ಮ್ಯಾನ್ ಎದುರು ಅಪ್ಪ ದುಡ್ಡು ಎಣಿಸುವಾಗ ಅವ್ವನ ಮುಖ ನೋಡಬೇಕಿತ್ತು. "ಪಟ ನೋಡ್ಕಂಡು ದುಡ್ಡು ಕೊಡೋರ್ನ ಈ ಹಟ್ಟೀಲೇ ಕಂಡದ್ದು" ಅನ್ನುತ್ತಿದ್ದಳು.

ಹೂಕೋಸಿನ ಕತೆ ಊರಿಗೆಲ್ಲ ಗೊತ್ತು. ಕ್ಯಾಟಲಾಗಿನ ಒಂದಿಡೀ ಪುಟಕ್ಕೆ ಬೆಳ್ಳನೆ ಹೂಕೋಸಿನ ಪಟ, ಪಕ್ಕದಲ್ಲಿ ಅಳತೆಗೆ ಒಬ್ಬ ಹುಡುಗನ ಕೈ. ಅಪ್ಪ ಪೊಟ್ಟಣ ತರಿಸಿದರು. ಜೂನ್ ಮಳೆ ಬಿದ್ದ ಕೂಡಲೇ ಮಡಿ ಮಾಡಿ, ಬೀಜ ಚೆಲ್ಲಿ, ಮೇಲೆ ನೆಲ್ಲುಹುಲ್ಲು ಹಾಸಿ, ಬೆಳಿಗ್ಗೆ ಸ್ಕೂಲಿಗೆ ಹೋಗುವ ಮುಂಚೆ ಚೊಂಬಿನಲ್ಲಿ ನೀರು ಚಿಮುಕಿಸಿ ಸಾಕಿದರು. ಪೈರು ಕಿತ್ತು ಸಾಲಿಗೆ ನೆಟ್ಟರು. ಎಲೆ ಬಂತು, ಇನ್ನೂ ಎಲೆ ಬಂತು, ಮಂಡಿಯುದ್ದ ಬಂತು. ಹೂವಿನ ಸುಳಿವೇ ಇಲ್ಲ. ಅಪ್ಪ ದಿನಾ ಬಗ್ಗಿ ಎಲೆ ಬಿಡಿಸಿ ಸುಳಿ ನೋಡುವುದು, ಜಗಲಿ ಮೇಲೆ ಕೂತವರು "ಮೇಷ್ಟ್ರೇ, ಬಿಡ್ತಾ?" ಅಂತ ಕೂಗುವುದು. ದೀಪಾವಳಿ ಹೊತ್ತಿಗೆ ಅವ್ವ ಅಷ್ಟನ್ನೂ ಕೊಯ್ದು ಎಮ್ಮೆಗೆ ಹಾಕಿದಳು. ಕಂಪನಿಯವರಿಗೆ ಅಪ್ಪ ಇಂಗ್ಲಿಷಿನಲ್ಲಿ ಎರಡು ಪುಟದ ಕಾಗದ ಬರೆದರು. ಉತ್ತರ ಬರಲಿಲ್ಲ, ಮುಂದಿನ ವರ್ಷದ ಕ್ಯಾಟಲಾಗ್ ಬಂತು.

ಅವ್ವ ಯಾವತ್ತೂ ಬೀಜ ಕೊಂಡವಳಲ್ಲ. ಹೀರೆಕಾಯಿ ಬಳ್ಳಿಯಲ್ಲೇ ಒಣಗಿ ಗಲಗಲ ಅನ್ನಬೇಕು, ಆಮೇಲೆ ಒಲೆ ಮೇಲಿನ ತೊಲೆಗೆ ಕಟ್ಟುವುದು. ಅವರೆ, ತಡಗುಣಿ ಸೋರೆಬುರುಡೆಯಲ್ಲಿ. ಬದನೆಗೆ ಮಾತ್ರ ವಿಶೇಷ ಮರ್ಯಾದೆ. ಗಿಡದಲ್ಲಿ ಚೆನ್ನಾಗಿರುವ ಒಂದು ಕಾಯಿ ಆರಿಸಿ, ತೊಟ್ಟಿಗೆ ಹಳೇ ಸೀರೆ ಅಂಚು ಕಟ್ಟುತ್ತಿದ್ದಳು. ಅದನ್ನು ಮುಟ್ಟಿದರೆ ಬೆನ್ನಿಗೆ ಬೀಳುತ್ತಿತ್ತು. ಕಾಯಿ ಹಳದಿ ತಿರುಗಿ ಮೆತ್ತಗಾದ ಮೇಲೆ ನೀರಲ್ಲಿ ಕಿವುಚಿ, ತೇಲಿದ್ದು ಚೆಲ್ಲಿ, ತಳಕ್ಕೆ ಕೂತ ಬೀಜಕ್ಕೆ ಒಲೆ ಬೂದಿ ಸವರಿ ನೆರಳಲ್ಲಿ ಒಣಗಿಸುವುದು. ಆ ಬದನೆ ಅವಳ ತವರಿಂದ ಬಂದದ್ದು, ಶ್ರೀರಂಗಪಟ್ಟಣದ ಕಡೆ.

ಈಗ ಅವ್ವ ನಮ್ಮ ಜೊತೆ ಮೈಸೂರಲ್ಲಿದ್ದಾಳೆ. ಊರಿಂದ ಬರುವಾಗ ಅಡುಗೆ ಮನೆ ಡಬ್ಬಗಳನ್ನು ಬಿಟ್ಟು ಬರಲ್ಲ ಅಂತ ಹಟ ಮಾಡಿ ತಂದಳು. ಡಬ್ಬದ ಜೊತೆ ಗೂಡಿಗೆ ಹಾಸುವ ಕಾಗದವೂ ಬಂತು. ನೋಡಿದರೆ ಎಲ್ಲ ಅಪ್ಪನ ಕ್ಯಾಟಲಾಗ್ ಪುಟಗಳು! ಹೂಕೋಸಿನ ಮೇಲೆ ಎಣ್ಣೆ ಡಬ್ಬದ ದುಂಡನೆ ಕಲೆ. ಅಂಚಿನಲ್ಲಿ ಅಪ್ಪನ ಪೆನ್ಸಿಲ್ ಅಕ್ಷರ. ಬರೀ ಬೆಲೆ ಲೆಕ್ಕ ಅಂದುಕೊಂಡಿದ್ದೆ. ಅಲ್ಲ. "ಪೂಸಾ ಸಾವನಿ ಬೆಂಡೆ. ರೋಹಿಣಿಯಲ್ಲಿ ಹಾಕಿದೆ. ಕಾಯಿ ಎಳಸು, ಚೆನ್ನ. ಈ ವರ್ಷ ಎಲೆಯೆಲ್ಲ ಹಳದಿ." "ಪೂಸಾ ರೂಬಿ ಟೊಮೆಟೊ. ಸಾರಿಗೆ ಸರಿ, ಹುಳಿ ಜಾಸ್ತಿ." 'ಕರ್ನಾಟಕ' ಅನ್ನುವ ಹೈಬ್ರಿಡ್ ಟೊಮೆಟೊಗೆ ಸುತ್ತು ಹಾಕಿ, ಬೆಲೆ ಪಕ್ಕ ಬರೀ ಆಶ್ಚರ್ಯ ಚಿಹ್ನೆ. ಬದನೆ ಪುಟದಲ್ಲಿ ಫಳಫಳ ಹೊಳೆಯುವ ಉದ್ದ ನೇರಳೆ ಬದನೆ, ಅದರ ಕೆಳಗೆ ಎರಡೇ ಪದ: "ನಮ್ಮದೇ ವಾಸಿ."

ಅವ್ವನಿಗೆ ಓದಿ ಹೇಳಿದೆ. "ಬಾಯಲ್ಲಿ ಒಂದಿನ ಅಂದಿದ್ರೆ ಏನ್ ಗಂಟು ಹೋಗದು?" ಅಂದಳು.

ಸರಿ, ಪ್ರಶ್ನೆಗೆ ಬರ್ತೀನಿ. ಅವ್ವನ ಹತ್ತಿರ ಹಾರ್ಲಿಕ್ಸ್ ಬಾಟಲಿಯಲ್ಲಿ ಬೂದಿ ಜೊತೆ ಆ ಬದನೆ ಬೀಜ ಇನ್ನೂ ಇದೆ. ನಾಲ್ಕೈದು ವರ್ಷ ಹಳೇದು. ಮೊಳೆಯುತ್ತಾ ಅಂತ ಮೊದಲೇ ತಿಳಿಯುವುದು ಹೇಗೆ? ಮನೆ ಕಾಂಪೌಂಡ್ ಪಕ್ಕ ಒಂದು ಪಟ್ಟಿ ಜಾಗ ಇದೆ, ತಾರಸಿ ಮೇಲೆ ಕುಂಡ ಇವೆ. ಪಕ್ಕದ ಮನೆಯವರು ಗುಂಡು ನೇರಳೆ ಬದನೆ ಹಾಕಿದ್ದಾರೆ. ಎರಡೂ ಬೆರೆತು ಹೋಗುತ್ತಾ? ಅಪ್ಪ ಗೀಟು ಹಾಕಿದ ಆ ಹಳೇ ತಳಿಗಳು ಈಗ ಸಿಗುತ್ತವಾ? ಹಾಗೇ, ಆ ಹೂಕೋಸು ಯಾಕೆ ಬಿಡಲಿಲ್ಲ ಅಂತ ಯಾರಿಗಾದರೂ ಗೊತ್ತಿದ್ದರೆ ಹೇಳಿ. ಅವ್ವ ಈಗಲೂ ಅದನ್ನು ಎತ್ತಿ ಆಡುತ್ತಾಳೆ.

ನಾಲೆ ಬಯಲು, ಕೆ.ಆರ್. ಪೇಟೆ

ಅಕ್ಕ, ಬೀಜ ಎಸೀಬೇಡಿ. ಬೂದಿಯಲ್ಲಿಟ್ಟ ಬದನೆ ಬೀಜ ನಾಲ್ಕು ವರ್ಷ ಆರಾಮಾಗಿ ಇರುತ್ತೆ. ಈರುಳ್ಳಿ ಬೀಜ ಆಗಿದ್ದರೆ ನಾನೇ ಚೆಲ್ಲಿ ಅಂತಿದ್ದೆ, ಅದು ಎರಡನೇ ವರ್ಷಕ್ಕೇ ಕೈ ಕೊಡುತ್ತೆ.

ಬೀಜಕ್ಕೆ ಶತ್ರು ತೇವ. ಬೀಜದೊಳಗಿನ ತೇವ ಶೇಕಡಾ 1ರಷ್ಟು ಕಮ್ಮಿಯಾದರೆ ಆಯಸ್ಸು ಹೆಚ್ಚುಕಮ್ಮಿ ಎರಡರಷ್ಟಾಗುತ್ತೆ ಅನ್ನೋದು ಬೀಜದವರ ಲೆಕ್ಕ. ಬೂದಿ ಆ ತೇವ ಹೀರಿಕೊಳ್ಳುತ್ತೆ, ಹುಳನೂ ಹತ್ತಿರ ಬಿಡಲ್ಲ. ಅವ್ವ ಪುಸ್ತಕ ಓದದೆ ಸರಿಯಾಗೇ ಮಾಡಿದ್ದಾರೆ.

ಈಗ ಹೀಗೆ ಮಾಡಿ. ಇರೋದನ್ನೆಲ್ಲ ಒಂದೇ ಸಲ ಸುರೀಬೇಡಿ. ಇಪ್ಪತ್ತು ಬೀಜ ಎಣಿಸಿ ತಗೊಳ್ಳಿ. ಹಳೇ ಪಂಚೆ ತುಂಡು ಒದ್ದೆ ಮಾಡಿ ಚೆನ್ನಾಗಿ ಹಿಂಡಿ, ನೀರು ತೊಟ್ಟಿಕ್ಕಬಾರದು. ಬೀಜ ಒಂದಕ್ಕೊಂದು ತಾಗದ ಹಾಗೆ ಇಟ್ಟು ಸುರುಳಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ, ಫ್ರಿಜ್ ಮೇಲೆ ಇಡಿ. ಒಳಗಲ್ಲ, ಮೇಲೆ. ಅಲ್ಲಿ ಬೆಚ್ಚಗಿರುತ್ತೆ. ದಿನಾ ಒಂದ್ಸಲ ಬಿಚ್ಚಿ ಗಾಳಿ ಆಡಿಸಿ. ಬದನೆ ನಿಧಾನ. ಏಳನೇ ದಿನಕ್ಕೆ ಒಮ್ಮೆ ಎಣಿಸಿ, ಹದಿನಾಲ್ಕನೇ ದಿನಕ್ಕೆ ಕೊನೇ ಲೆಕ್ಕ. ಅಂಗಡಿಯ ಪ್ರಮಾಣಿತ ಬದನೆ ಬೀಜಕ್ಕೆ ಕನಿಷ್ಠ ಶೇಕಡಾ 70 ಮೊಳಕೆ ಇರಬೇಕು ಅಂತ ನಿಯಮ. ನಿಮ್ಮದು ಅರ್ಧ ಬಂದರೂ ಗೆದ್ದ ಹಾಗೆ, ಎರಡರಷ್ಟು ಬೀಜ ಹಾಕಿದರೆ ಆಯ್ತು. ಮೊಳೆತಿದ್ದನ್ನು ಬಿಸಾಡಬೇಡಿ, ಅದೇ ಮೊದಲ ಪೈರು.

ಬದನೆ ಹೂ ಹೆಚ್ಚಾಗಿ ತನ್ನ ಪರಾಗದಲ್ಲೇ ಕಾಯಿ ಕಟ್ಟುತ್ತೆ. ಆದರೆ ಜೇನು ಬಿಡಬೇಕಲ್ಲ. ಬೀಜ ಬೆಳೆಯೋ ಜಮೀನಿನಲ್ಲಿ ಎರಡು ಬದನೆ ತಳಿ ನಡುವೆ 100 ಮೀಟರಿಗೆ ಕಮ್ಮಿ ಇರಬಾರದು ಅಂತಾರೆ. ನಿಮ್ಮ ಕಾಂಪೌಂಡ್‌ಗೆ ಅದು ಆಗದ ಮಾತು. ಅದಕ್ಕೆ ಹೂ ಅರಳೋ ಮುಂಚೆನೇ ಮೊಗ್ಗಿಗೆ ತೆಳು ಮಲ್ ಬಟ್ಟೆ ಚೀಲ ಕಟ್ಟಿ. ಕಾಯಿ ಕಡಲೆಕಾಳಿನಷ್ಟು ಆದ ಮೇಲೆ ಚೀಲ ತೆಗೆದು ತೊಟ್ಟಿಗೆ ಗುರುತು ಕಟ್ಟಿ. ಸೀರೆ ಅಂಚು ಇದ್ದೇ ಇದೆಯಲ್ಲ.

ಅಗ್ರಹಾರದ ಅಜ್ಜಿ, ಮೈಸೂರು

ಓದಿ ತುಂಬಾ ಖುಷಿಯಾಯಿತಮ್ಮ. ನಮ್ಮ ತಂದೆಗೂ ಇದೇ ಹುಚ್ಚು ಇತ್ತು. ನಿಮ್ಮ ಅಪ್ಪನ ಪೂನಾ ಕ್ಯಾಟಲಾಗ್ ಬಹುಶಃ ಪೋಚಾ ಅವರದು, 1884ರಿಂದ ಇರುವ ಅಂಗಡಿ. ಕಲ್ಕತ್ತಾದ್ದು ಸಟನ್ಸ್ ಇರಬೇಕು. ಇಂಗ್ಲೆಂಡಿನ ಕಂಪನಿ, 1912ರಲ್ಲಿ ಕಲ್ಕತ್ತಾದಲ್ಲಿ ಶಾಖೆ ತೆರೆದರು. ನಮ್ಮ ಮನೆಗೆ ಎರಡೂ ಬರುತ್ತಿದ್ದವು. ನಮ್ಮದು ವಠಾರದ ಮನೆ, ಹಿತ್ತಿಲು ಅಂದರೆ ಬಚ್ಚಲ ಹಿಂದೆ ಎರಡು ಮಂಚ ಹಾಕುವಷ್ಟು ಜಾಗ. ಅಲ್ಲೇ ನವಿಲುಕೋಸು, ಬೀಟ್‌ರೂಟು ಬೆಳೆಯುತ್ತಿದ್ದರು. ಇಂಗ್ಲಿಷ್ ತರಕಾರಿ ಅಂತ ನಮ್ಮಜ್ಜಿ ಮಡಿಯಲ್ಲಿ ಮುಟ್ಟುತ್ತಿರಲಿಲ್ಲ. ನಾವು ಹಸಿದೇ ತಿನ್ನುತ್ತಿದ್ದೆವು.

ನಿಮ್ಮ ತಂದೆ ಸುತ್ತು ಹಾಕಿದ 'ಕರ್ನಾಟಕ' ಟೊಮೆಟೊ ಸಾಮಾನ್ಯದ್ದಲ್ಲ. ಬೆಂಗಳೂರಿನ ಇಂಡೋ ಅಮೆರಿಕನ್ ಹೈಬ್ರಿಡ್ ಸೀಡ್ಸ್‌ನವರು 1973ರಲ್ಲಿ ಬಿಟ್ಟದ್ದು. ಜೊತೆಗೆ 'ಭಾರತ್' ಅಂತ ದಪ್ಪ ಮೆಣಸಿನಕಾಯಿ. ದೇಶದಲ್ಲಿ ರೈತರಿಗೆ ಮಾರಾಟಕ್ಕೆ ಬಂದ ಮೊದಮೊದಲ ಹೈಬ್ರಿಡ್ ತರಕಾರಿಗಳು ಅವು. ಹೈಬ್ರಿಡ್ ಬೀಜ ಮಾಡಲು ಒಂದೊಂದು ಹೂವಿಗೂ ಕೈಯಿಂದ ಪರಾಗ ಮುಟ್ಟಿಸಬೇಕು. ಬೆಲೆ ನೋಡಿ ಮೇಷ್ಟ್ರು ಹೌಹಾರಿದ್ದರಲ್ಲಿ ಆಶ್ಚರ್ಯವಿಲ್ಲ.

ಒಂದು ಮಾತು ಕೇಳುತ್ತೇನೆ. ನಿಮ್ಮ ಅವ್ವನ ಬದನೆ ಹಸಿರಾ? ಹಸಿರಾದರೆ ಈರನಗೆರೆ ಬದನೆಯ ಬಳಗವೋ ಏನೋ. ಈರನಗೆರೆ ನಮ್ಮ ಮೈಸೂರಿನ ಒಳಗೇ ಇದೆ, ಈಗ ಅಲ್ಲಿ ಬದನೆ ಎಲ್ಲಿ, ಬರೀ ಮನೆ. ನನ್ನ ಕೇಳಿದರೆ ನೇರಳೆ ಬದನೆಯಲ್ಲಿ ಮಾಡಿದ್ದು ವಾಂಗಿಬಾತೇ ಅಲ್ಲ. ಹೇಳಿದರೆ ಸೊಸೆ ನಗುತ್ತಾಳೆ.

ಊರ ತಳಿಯ ಬೀಜ ಬೇಕಾದರೆ ದೇಸಿ ಬೀಜ ಉಳಿಸುವ ಸಹಜ ಸಮೃದ್ಧ ಸಂಸ್ಥೆಯವರ ಮೇಳ ಮೈಸೂರಿನಲ್ಲಿ ನಡೆದಾಗ ಹೋಗಿ. ನಂಜರಾಜ ಬಹದ್ದೂರ್ ಛತ್ರದಲ್ಲಿ ಅವರ ಗೆಡ್ಡೆ ಗೆಣಸು ಮೇಳಕ್ಕೆ ಹೋಗಿದ್ದೆ, ಬೀಜದ ಮಳಿಗೆಗಳೂ ಇದ್ದವು. ದಸರೆಯಲ್ಲಿ ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನಕ್ಕೆ ನಾನು ಹೋಗುವುದು ಹೂ ನೋಡಲಲ್ಲ, ಬೀಜ, ಸಸಿ ಮಾರುವವರ ಹತ್ತಿರ ಮಾತಾಡಲು.

ಗುಜರಿ ರಾಜ

ಆ ಕ್ಯಾಟಲಾಗ್ ಕೊಡ್ತೀರಾ? ಹಳೇ ಪ್ರಿಂಟಿಗೆ ಒಳ್ಳೇ ರೇಟ್ ಇದೆ. ಫ್ರೇಮ್ ಹಾಕಿ ಹೋಟೆಲಿಗೆ ಮಾರ್ತಾರೆ.

ಪೆನ್ಸಿಲ್ ಗೀಟು

ಇಲ್ಲ ಸರ್. ಡಬ್ಬದ ಕೆಳಗೆ ಆಮೇಲೆ ಏನು ಹಾಸೋದು ಅಂತ ಅವ್ವ ಕೇಳ್ತಿದ್ದಾಳೆ.

ಬೀಜದಂಗಡಿ, ಮಂಡ್ಯ

ಮೇಡಂ, ಹೂಕೋಸಿನ ವಿಷಯ ನಾನು ಹೇಳ್ತೀನಿ. ದಿನಾ ಗಿರಾಕಿಗಳಿಗೆ ಹೇಳಿ ಹೇಳಿ ಬಾಯಿಪಾಠ ಆಗಿದೆ.

ಹೂಕೋಸಿನಲ್ಲಿ ಬೇಗ ಬರುವ ತಳಿ ಬೇರೆ, ತಡವಾಗಿ ಬರುವ ತಳಿ ಬೇರೆ. ಪಟದಲ್ಲಿ ಬೆಳ್ಳಗೆ, ಗುಂಡಗೆ, ಗಟ್ಟಿಯಾಗಿ ಕಾಣುವುದು ಹೆಚ್ಚಾಗಿ ಸ್ನೋಬಾಲ್ ಜಾತಿ. ಅದಕ್ಕೆ ಹೂ ಕಟ್ಟಲು 10ರಿಂದ 16 ಡಿಗ್ರಿ ಚಳಿ ಬೇಕು. ಊಟಿಯಲ್ಲಿ ಸರಿ, ಉತ್ತರದ ಚಳಿಗಾಲದಲ್ಲಿ ಸರಿ. ಜೂನ್‌ನಲ್ಲಿ ಪಾಂಡವಪುರದಲ್ಲಿ ಹಾಕಿದರೆ ಗಿಡಕ್ಕೆ ಚಳಿಯೇ ಸಿಗಲ್ಲ, ಎಲೆ ಬಿಡುತ್ತಲೇ ಇರುತ್ತೆ. ಆ ತಿಂಗಳಿಗೆ ಪೂಸಾ ಕಾತಕಿ ಥರ ಬೇಗ ಬರುವ ತಳಿ ಹಾಕಬೇಕು. ಅದಕ್ಕೆ 20 ಡಿಗ್ರಿ ಮೇಲಿದ್ದರೂ ನಡೆಯುತ್ತೆ, ಹೂ ಮಾತ್ರ ಚಿಕ್ಕದು, ಸ್ವಲ್ಪ ಹಳದಿ. ನಿಮ್ಮ ತಂದೆಯವರ ಆರೈಕೆಯಲ್ಲಿ ಏನೂ ಕೊರತೆ ಇರಲಿಲ್ಲ. ಯಾವ ತಿಂಗಳಿಗೆ, ಯಾವ ಊರಿಗೆ ಅಂತ ಪಟದ ಕೆಳಗೆ ಬರೆದಿರಬೇಕಿತ್ತು. ಬರೆದಿರಲಿಲ್ಲ ಅಂತ ಕಾಣುತ್ತೆ. ಅವ್ವನಿಗೆ ಇಷ್ಟು ಹೇಳಿ.

ಪೂಸಾ ಸಾವನಿ ಬೆಂಡೆ ಈಗ ಕೇಳುವವರು ಕಮ್ಮಿ. ಅದು ಬಂದಾಗ ಹಳದಿ ನರದ ರೋಗ ತಡೆಯುತ್ತೆ ಅಂತಲೇ ಹೆಸರು. ಬರಬರುತ್ತಾ ಆ ಶಕ್ತಿ ಹೋಯಿತು. ರೋಗ ಹರಡುವುದು ಬಿಳಿ ನೊಣ. 'ಈ ವರ್ಷ ಎಲೆಯೆಲ್ಲ ಹಳದಿ' ಅಂತ ಬರೆದಿದ್ದಾರಲ್ಲ, ಅದೇ ಇದು. ಈಗ ಅದರ ಜಾಗಕ್ಕೆ ಅರ್ಕಾ ಅನಾಮಿಕಾ ಹಾಕಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಹಳದಿ ರೋಗ ತಡೆಯಲಿ ಅಂತ ಕಾಡು ಬೆಂಡೆ ಜೊತೆ ಕೂಡಿಸಿ ಮಾಡಿದ್ದು. ಬೀಜ ಉಳಿಸಿಕೊಳ್ಳಲೂ ಬರುತ್ತೆ, ಹೈಬ್ರಿಡ್ ಅಲ್ಲ. ಪೂಸಾ ರೂಬಿ ಹುಡುಕಿದರೆ ಇನ್ನೂ ಸಿಗುತ್ತೆ, ಅದೂ ಹೈಬ್ರಿಡ್ ಅಲ್ಲ. ಸಂಸ್ಥೆಯದೇ ಅರ್ಕಾ ರಕ್ಷಕ್ ಟೊಮೆಟೊಗೆ ಮೂರು ರೋಗ ತಡೆಯುವ ಶಕ್ತಿ ಇದೆ, ಆದರೆ ಅದು ಹೈಬ್ರಿಡ್. ಅದರ ಹಣ್ಣಿನ ಬೀಜ ತೆಗೆದಿಟ್ಟು ಹಾಕಿದರೆ ಒಂದೊಂದು ಗಿಡ ಒಂದೊಂದು ಥರ ಬರುತ್ತೆ.

ಯಾವ ಅಂಗಡಿಯಲ್ಲಾದರೂ ತಗೊಳ್ಳಿ, ಪೊಟ್ಟಣದ ಮುಂದಿನ ಪಟ ನೋಡಬೇಡಿ, ಹಿಂದೆ ತಿರುಗಿಸಿ. ಪರೀಕ್ಷೆ ಮಾಡಿದ ತಾರೀಖು ಇರುತ್ತೆ. ಸಾಮಾನ್ಯವಾಗಿ ಅಲ್ಲಿಂದ 9 ತಿಂಗಳು ವಾಯಿದೆ. ಬೀಜ ಕೆಂಪಗೋ ಗುಲಾಬಿಯೋ ಇದ್ದರೆ ಔಷಧಿ ಸವರಿದ್ದಾರೆ ಅಂತ ಅರ್ಥ. ಮಕ್ಕಳ ಕೈಗೆ ಕೊಡಬೇಡಿ, ಉಳಿದದ್ದು ಕೋಳಿಗೆ ಹಾಕಬೇಡಿ. ಮಂಡ್ಯದ ವಿ.ಸಿ. ಫಾರಂ ಕೃಷಿ ಮೇಳಕ್ಕೆ ಬಂದರೆ ನಮ್ಮಂಗಡಿ ಕಡೆಗೂ ಬನ್ನಿ.

ಪೆನ್ಸಿಲ್ ಗೀಟು

ಎಲ್ಲರಿಗೂ ಥ್ಯಾಂಕ್ಸ್. ಸ್ವಲ್ಪ ತಡವಾಗಿ ಬರೀತಿದ್ದೀನಿ, ಬಟ್ಟೆ ಸುರುಳಿ ಲೆಕ್ಕ ಮುಗಿಯಲಿ ಅಂತ ಕಾದೆ. ಅರ್ಧಕ್ಕೆ ಸ್ವಲ್ಪ ಕಮ್ಮಿ ಮೊಳೆತಿವೆ. ಮೊದಲ ವಾರ ಒಂದೂ ಅಲ್ಲಾಡಲಿಲ್ಲ. ಆಮೇಲೆ ಬಿಳೀ ಬೇರು ಚಾಚಿದವು. ಫ್ರಿಜ್ ಮೇಲಿನ ಕವರನ್ನು ಬಿಚ್ಚಿ ನೋಡೋದು ನನಗಿಂತ ಅವ್ವನಿಗೇ ಜಾಸ್ತಿ ಆಗಿತ್ತು. ಮೊಳೆತದ್ದನ್ನು ಟ್ರೇಗೆ ಹಾಕಿದ್ದೇವೆ.

ಅಜ್ಜಿ, ಬದನೆ ಹಸಿರೇ. ತೊಟ್ಟಿನ ಹತ್ತಿರ ತೆಳುವಾಗಿ ಬಿಳಿ ಗೆರೆ, ಮುಳ್ಳು ಕಮ್ಮಿ. ಈರನಗೆರೆಯದಾ ಅಂತ ಕೇಳಿದರೆ ಅವ್ವ ಒಪ್ಪಲ್ಲ. "ನಮ್ಮವ್ವನ ಬದನೆ" ಅಷ್ಟೇ ಅನ್ನುತ್ತಾಳೆ. ವಾಂಗಿಬಾತಿನ ವಿಷಯದಲ್ಲಿ ಮಾತ್ರ ನಿಮ್ಮ ಕಡೆ.

ಬೀಜದಂಗಡಿಯವರು ಬರೆದದ್ದನ್ನೂ ಓದಿ ಹೇಳಿದೆ. "ಹಂಗಾರೆ ಕಾಗ್ದ ಬರೆದದ್ದು ಸರೀನೇ" ಅಂದಳು. ಎರಡು ನಿಮಿಷ ಬಿಟ್ಟು "ಆದ್ರೂ ಆ ದುಡ್ಡಲ್ಲಿ ಎರಡು ಸೇರು ಎಳ್ಳೆಣ್ಣೆ ಬರದು" ಅಂತ ಸೇರಿಸಿದಳು.

ಅರ್ಕಾ ಅನಾಮಿಕಾ ತರಿಸಿದ್ದೇನೆ. ಪೊಟ್ಟಣದ ಹಿಂದೆ ಓದಿಯೇ. ಇನ್ನು ಪೈರು ಎಷ್ಟೆತ್ತರ ಆದ ಮೇಲೆ ಕೀಳಬೇಕು?

ನಾಲೆ ಬಯಲು

ಗೇಣುದ್ದಕ್ಕೆ ಸ್ವಲ್ಪ ಕಮ್ಮಿ, ನಾಲ್ಕೈದು ಎಲೆ ಬಂದಾಗ ಕಿತ್ತು ನೆಡಿ. ಸಂಜೆ ನೆಡಿ, ಬಿಸಿಲಲ್ಲಿ ಬೇಡ. ಗಿಡದಿಂದ ಗಿಡಕ್ಕೆ ಎರಡು ಅಡಿ. ಕುಂಡಕ್ಕೆ ಒಂದೇ ಗಿಡ, ಮನಸ್ಸು ತಡೆಯಲ್ಲ ಅಂತ ಎರಡು ಹಾಕ್ಬೇಡಿ.

ಬದನೆಗೆ ದೊಡ್ಡ ಕಾಟ ಕುಡಿ ಮತ್ತು ಕಾಯಿ ಕೊರಕ. ಗಿಡ ಚೆನ್ನಾಗಿದ್ದು ತುದಿ ಕುಡಿ ಮಾತ್ರ ಬಾಡಿ ಜೋತು ಬಿದ್ದಿದ್ದರೆ ಒಳಗೆ ಹುಳ ಇದೆ ಅಂತಲೇ. ನೀರು ಕಮ್ಮಿಯಾಯ್ತು ಅಂತ ಇನ್ನೊಂದು ಬಿಂದಿಗೆ ಸುರೀಬೇಡಿ. ಬಾಡಿದ ಕಡೆಯಿಂದ ಒಂದಿಂಚು ಕೆಳಗೆ ಚಿವುಟಿ. ಚಿವುಟಿದ್ದನ್ನು ಬುಡದಲ್ಲೇ ಬಿಟ್ಟರೆ ಹುಳ ಚಿಟ್ಟೆಯಾಗಿ ವಾಪಸ್ ಬರುತ್ತೆ, ಕವರಲ್ಲಿ ಕಟ್ಟಿ ಬಿಸಿಲಿಗಿಡಿ ಇಲ್ಲಾ ಸುಟ್ಟುಬಿಡಿ. ತೂತು ಬಿದ್ದ ಕಾಯಿಗೂ ಅದೇ. ಮನೆಯಲ್ಲಿ ನಾಲ್ಕು ಗಿಡ ಇರೋರಿಗೆ ಔಷಧಿ ಹೊಡೆಯೋ ಅಗತ್ಯ ಇಲ್ಲ, ದಿನಾ ಕಣ್ಣಾಡಿಸಿದರೆ ಸಾಕು. ಬೀಜಕ್ಕೆ ಬಿಡೋ ಕಾಯಿಯನ್ನು ಹುಳ ಬೀಳದ ಗಿಡದಲ್ಲೇ ಆರಿಸಿ.

ಬೀಜ ಆದ ಮೇಲೆ ನನಗೂ ಒಂದು ಚಿಟಿಕೆ ಇಡಿ ಅಕ್ಕ. ಮೈಸೂರಿಗೆ ಬಂದಾಗ ಇಸ್ಕೊಳ್ತೀನಿ. ಸುಮ್ನೆ ಬೇಡ, ಬದಲಿಗೆ ನಮ್ಮ ತಾಯಿ ಇಟ್ಟಿರೋ ತಡಗುಣಿ ಬೀಜ ತಂದುಕೊಡ್ತೀನಿ.

ಪೆನ್ಸಿಲ್ ಗೀಟು

ಖಂಡಿತ ಇಡ್ತೀನಿ. ಅವ್ವ ಕೇಳ್ತಿದ್ದಾಳೆ, ತಡಗುಣಿ ಬಿಳೀದಾ ಕೆಂಪಾ ಅಂತ. ಕೆಂಪಾದರೆ ಬೇಡವಂತೆ, ನಮ್ಮ ಹತ್ತಿರ ಇದೆ.